ಮಿಣುಕುವ ಹೆಡ್‌ಲೈಟ್: ಬಲ್ಬ್ ಬದಲಿಸುವ ಮೊದಲು ಅರ್ಥ್ ಅಳೆಯಿರಿ

ಗೋವಾದಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರಿಗೆ ಊರು ಎಂದರೆ ಘಟ್ಟದ ಆಚೆಗಿರುವುದು. ವಾಸ್ಕೋ, ಮಡಗಾಂವ್, ಮಾಪುಸಾಗಳಿಂದ ಹಬ್ಬಕ್ಕೋ ಮದುವೆಗೋ ಬೆಳಗಾವಿ, ಧಾರವಾಡ, ಹುಬ್ಬಳ್ಳಿಯ ಕಡೆಗೆ ಹೊರಟವರು ಸಾಮಾನ್ಯವಾಗಿ ಚೋರ್ಲಾ ಘಟ್ಟವನ್ನೋ ಅನ್ಮೋಡ ಘಟ್ಟವನ್ನೋ ಹತ್ತುತ್ತಾರೆ. ದಿನದ ಕೆಲಸ ಮುಗಿಸಿ ಹೊರಡುವುದರಿಂದ ಆ ದಾರಿಯ ಬಹುಪಾಲು ಕತ್ತಲಲ್ಲಿಯೇ ಸಾಗುತ್ತದೆ. ಮಳೆಗಾಲದ ಮಂಜಿನಲ್ಲಿ, ತಿರುವಿನ ನಡುವೆ ಒಂದು ಬದಿಯ ಹೆಡ್‌ಲೈಟ್ ಮಿಣುಕಿ ಆರಿತೆಂದರೆ ಎದುರಿನಿಂದ ಇಳಿಯುವ ಲಾರಿಯವರಿಗೆ ನಮ್ಮ ಕಾರು ಬೈಕಿನಂತೆ ಕಾಣುತ್ತದೆ. ಆದ್ದರಿಂದ ಹೆಡ್‌ಲೈಟ್ ಮಿಣುಕಲು ಆರಂಭಿಸಿದ ವಾರದಲ್ಲಿಯೇ ಕಾರಣ ಹುಡುಕುವುದು ಒಳ್ಳೆಯದು.

ನಾನು ಈ ಪಾಠವನ್ನು ತಡವಾಗಿ ಕಲಿತೆ. ಎಂಟು ವರ್ಷ ಹಳೆಯ ನನ್ನ ಕಾರಿನ ಎಡಗಡೆಯ ದೀಪ ಮಿಣುಕಲು ತೊಡಗಿದಾಗ ಮೊದಲು ಒಂದು ಜೊತೆ ಬಲ್ಬ್ ಬದಲಿಸಿದೆ, ಒಂದು ತಿಂಗಳಲ್ಲಿ ಇನ್ನೊಂದು ಜೊತೆ ತಂದೆ, ಮೂರನೆಯ ಸಲ ಒಂದು ಗ್ಯಾರೇಜಿನಲ್ಲಿ, ಎಂಜಿನ್ ಓಡುವಾಗ ವಿದ್ಯುತ್ತು ಉತ್ಪಾದಿಸಿ ಬ್ಯಾಟರಿ ತುಂಬುವ ಅಲ್ಟರ್ನೇಟರನ್ನೇ ಬದಲಿಸಬೇಕೆಂದು ಹೇಳಿದರು. ಆ ಖರ್ಚಿಗೆ ಮುನ್ನ ಪರಿಚಯದ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರಿಗೆ ಕಾರು ತೋರಿಸಿದೆ. ಹುಬ್ಬಳ್ಳಿ ಕಡೆಯವರು, ವಾಸ್ಕೋದಲ್ಲಿ ಬಹಳ ವರ್ಷಗಳಿಂದ ವೈರಿಂಗ್ ಕೆಲಸ ಮಾಡುತ್ತಿರುವವರು. ಬಾನೆಟ್ ತೆಗೆದವರೇ "ಸರ, ಬಲ್ಬ್ ಬಿಡ್ರಿ, ಮೊದ್ಲ ಅರ್ಥ್ ನೋಡೂಣ್ರಿ" ಎಂದರು. ಅರ್ಥ್ ಎಂದರೆ ಬಲ್ಬಿನಿಂದ ವಿದ್ಯುತ್ತು ಕಾರಿನ ಬಾಡಿಯ ಮೂಲಕ ಬ್ಯಾಟರಿಯ ನೆಗೆಟಿವಿಗೆ ಮರಳುವ ದಾರಿ. ಮೀಟರಿನ ಒಂದು ಕಡ್ಡಿಯನ್ನು ಬಲ್ಬಿನ ಅರ್ಥ್ ಪಿನ್ನಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವಿಗೂ ಹಿಡಿದಾಗ ಅದು ತೋರಿಸಿದ್ದು 1.6 ವೋಲ್ಟ್. ಹೆಡ್‌ಲೈಟಿನ ಹಿಂದೆ ಬಾಡಿಗೆ ಬಿಗಿದಿದ್ದ ಒಂದೇ ಒಂದು ಬೋಲ್ಟ್ ಬಿಚ್ಚಿ, ಉಜ್ಜಿ, ಮತ್ತೆ ಕೂಡಿಸಿದ ಮೇಲೆ ಅದೇ ಜಾಗದಲ್ಲಿ 0.06 ವೋಲ್ಟ್. ನಾನು ತಂದಿದ್ದ ನಾಲ್ಕು ಬಲ್ಬುಗಳಲ್ಲಿ ಒಂದರಲ್ಲಿಯೂ ದೋಷವಿರಲಿಲ್ಲ.

ಹೆಡ್‌ಲೈಟ್ ಮಿಣುಕುವುದಕ್ಕೆ ಬಲ್ಬ್ ಕಾರಣವಾಗುವುದು ಕಡಿಮೆ. ಬಲ್ಬಿಗೆ ಹೋಗುವ ಮತ್ತು ಬಲ್ಬಿನಿಂದ ಮರಳುವ ವಿದ್ಯುತ್ತಿನ ದಾರಿಯಲ್ಲಿ ಎಲ್ಲೋ ಒಂದು ಕಡೆ ಸಡಿಲಿಕೆಯೋ ಕಿಲುಬೋ ಇರುವುದೇ ಹೆಚ್ಚು. ಸಮುದ್ರದ ಉಪ್ಪುಗಾಳಿ ಮತ್ತು ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸೇರಿದ ಗೋವಾದಲ್ಲಿ ಇದು ಇನ್ನಷ್ಟು ನಿಜ. ಆದ್ದರಿಂದ ಈ ಮಾರ್ಗದರ್ಶಿಯ ಕ್ರಮ ಇಷ್ಟು: ಮೊದಲು ಗಮನಿಸುವುದು, ನಂತರ ಅಳೆಯುವುದು, ಆಮೇಲೆ ಮಾತ್ರ ಬಿಚ್ಚುವುದು.

ಬೇಕಾದ ಸಾಮಾನು

ಒಂದು ಡಿಜಿಟಲ್ ಮಲ್ಟಿಮೀಟರ್, 10 ಮತ್ತು 12 ನಂಬರಿನ ಪಾನಾ, ಸ್ಕ್ರೂಡ್ರೈವರ್, ನಯವಾದ ಉಪ್ಪುಕಾಗದ, ಹಳೆಯ ಹಲ್ಲುಜ್ಜುವ ಬ್ರಷ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಸ್ವಲ್ಪ ವ್ಯಾಸಲೀನ್ ಮತ್ತು ಎರಡು ಟಾಚಣಿ ಇದ್ದರೆ ಸಾಕು. ಕಾರನ್ನು ಸಮತಟ್ಟಾದ ಜಾಗದಲ್ಲಿ, ಗೋಡೆಯಿಂದ ಐದಾರು ಮೀಟರ್ ದೂರದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಬೆಳಕನ್ನು ಗೋಡೆಯ ಮೇಲೆ ನೋಡಬೇಕೇ ಹೊರತು ದೀಪದ ಕಡೆಗೆ ನೋಡಬಾರದು. ಗೋಡೆಯ ಮೇಲೆ ಸಣ್ಣ ಅದುರುವಿಕೆಯೂ ಸ್ಪಷ್ಟವಾಗಿ ಕಾಣುತ್ತದೆ, ಕಣ್ಣಿಗೂ ನೋವಿಲ್ಲ. ಎಂಜಿನ್ ಓಡುತ್ತಿರುವಾಗ ಮಾಡುವ ಪರೀಕ್ಷೆಗಳಲ್ಲಿ ಅಂಗಿಯ ತೋಳು, ಕೊರಳ ದಾರ, ಉದ್ದ ಕೂದಲು ಬೆಲ್ಟ್ ಮತ್ತು ಫ್ಯಾನಿನಿಂದ ದೂರವಿರಲಿ. ರೇಡಿಯೇಟರ್ ಫ್ಯಾನ್ ಯಾವ ಕ್ಷಣದಲ್ಲಾದರೂ ತಾನಾಗಿ ತಿರುಗಲು ಆರಂಭಿಸಬಹುದು ಎಂಬುದನ್ನು ಮರೆಯಬೇಡಿ.

ಮಿಣುಕುವ ಬಗೆಯನ್ನು ಓದುವುದು

ಪಾನಾ ಕೈಗೆತ್ತಿಕೊಳ್ಳುವ ಮೊದಲು ಎರಡು ಮೂರು ರಾತ್ರಿ ಕಾರನ್ನು ಗಮನಿಸಿ, ಕಂಡದ್ದನ್ನು ಬರೆದಿಟ್ಟುಕೊಳ್ಳಿ. ಮೊದಲ ಪ್ರಶ್ನೆ, ಒಂದೇ ದೀಪ ಮಿಣುಕುತ್ತದೆಯೇ ಅಥವಾ ಎರಡೂ ಒಟ್ಟಿಗೆ ಮಿಣುಕುತ್ತವೆಯೇ ಎಂಬುದು. ಒಂದೇ ದೀಪವಾದರೆ ದೋಷ ಆ ಬದಿಯ ಬಲ್ಬ್, ಹೋಲ್ಡರ್, ಕಪ್ಲರ್ (ಬಲ್ಬಿನ ಹಿಂದೆ ಸಿಕ್ಕಿಸುವ ತಂತಿಗಳ ಪ್ಲಗ್), ಫ್ಯೂಸ್ ಅಥವಾ ಅರ್ಥ್‌ನಲ್ಲಿದೆ. ಅಲ್ಟರ್ನೇಟರಿಗೂ ಬ್ಯಾಟರಿಗೂ ಅದರೊಂದಿಗೆ ಸಂಬಂಧವಿಲ್ಲ, ಏಕೆಂದರೆ ಅವು ಎರಡೂ ದೀಪಗಳಿಗೆ ಸಮಾನ. ನನ್ನ ಕಾರಿನಲ್ಲಿ ಎಡಗಡೆಯದು ಮಾತ್ರ ಮಿಣುಕುತ್ತಿತ್ತು. ಈ ಒಂದು ವಿಚಾರ ಆಗ ಹೊಳೆದಿದ್ದರೆ ಅಲ್ಟರ್ನೇಟರಿನ ಮಾತೇ ಬರುತ್ತಿರಲಿಲ್ಲ.

ಎರಡೂ ದೀಪಗಳು ಒಟ್ಟಿಗೆ ಮಿಣುಕಿ, ಅದರ ಜೊತೆಗೆ ಡ್ಯಾಶ್‌ಬೋರ್ಡಿನ ಬೆಳಕು ಮತ್ತು ಒಳಗಿನ ದೀಪವೂ ಅದುರಿದರೆ ಬ್ಯಾಟರಿ, ಅದರ ಟರ್ಮಿನಲ್‌ಗಳು, ಅಲ್ಟರ್ನೇಟರ್ ಹಾಗೂ ಬೆಲ್ಟ್ ಪರೀಕ್ಷಿಸಬೇಕು. ಡ್ಯಾಶ್‌ಬೋರ್ಡ್ ಸ್ಥಿರವಾಗಿದ್ದು ಹೆಡ್‌ಲೈಟ್‌ಗಳೆರಡೇ ಮಿಣುಕಿದರೆ ಅವೆರಡಕ್ಕೂ ಸಾಮಾನ್ಯವಾಗಿರುವ ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹಚ್ಚಿ ಆರಿಸುವ ಸ್ವಿಚ್), ಸ್ಟಿಯರಿಂಗ್ ಕೆಳಗಿನ ಕಾಂಬಿನೇಷನ್ ಸ್ವಿಚ್ ಅಥವಾ ಮುಖ್ಯ ವೈರ್ ಮೇಲೆ ಅನುಮಾನ ಹೋಗಬೇಕು. ಲೋ ಬೀಮ್‌ನಲ್ಲಿ ಮಾತ್ರ ಮಿಣುಕಿ ಹೈ ಬೀಮ್ ಸ್ಥಿರವಾಗಿದ್ದರೂ ಹಾಗೆಯೇ. ಅರ್ಥ್ ಎರಡಕ್ಕೂ ಒಂದೇ ಆಗಿರುವುದರಿಂದ ಆಗ ಅದನ್ನು ಸದ್ಯಕ್ಕೆ ಬದಿಗಿಡಬಹುದು.

ತಗ್ಗಿನಲ್ಲಿ ಇಳಿದಾಗ ಮಾತ್ರ ಮಿಣುಕಿದರೆ ಎಲ್ಲೋ ಲೂಸ್ ಕಾಂಟ್ಯಾಕ್ಟ್ ಇದೆ. ಎಂಜಿನ್ ವೇಗದೊಂದಿಗೆ ಬೆಳಕು ಏರಿಳಿದರೆ ಚಾರ್ಜಿಂಗ್ ವ್ಯವಸ್ಥೆಯದು. ಏಸಿಯ ಕಂಪ್ರೆಸರ್ ಅಥವಾ ಫ್ಯಾನ್ ಶುರುವಾಗುವ ಕ್ಷಣದಲ್ಲಿ ಒಮ್ಮೆ ಮಾತ್ರ ಬೆಳಕು ತುಸು ಕುಗ್ಗಿ ತಕ್ಷಣ ಚೇತರಿಸಿಕೊಳ್ಳುವುದು ಸಹಜ, ಅದನ್ನು ದೋಷವೆಂದು ತಿಳಿಯಬೇಕಾಗಿಲ್ಲ.

ಒಂದು ಲಕ್ಷಣ ಮಾತ್ರ ಪರೀಕ್ಷೆಯಿಲ್ಲದೆಯೇ ದೋಷದ ಜಾಗವನ್ನು ಹೇಳಿಬಿಡುತ್ತದೆ. ಲೋ ಬೀಮ್ ಹಚ್ಚಿದಾಗ ಒಂದು ಬದಿಯ ದೀಪ ಮಂಕಾಗಿ, ಡ್ಯಾಶ್‌ಬೋರ್ಡಿನ ನೀಲಿ ಹೈ ಬೀಮ್ ಸೂಚಕ ಅರೆಬರೆ ಹೊಳೆದರೆ, ಅಥವಾ ಇಂಡಿಕೇಟರ್ ಹಾಕಿದಾಗ ಅದರ ತಾಳಕ್ಕೆ ಸರಿಯಾಗಿ ಹೆಡ್‌ಲೈಟ್ ಕುಗ್ಗಿ ಹಿಗ್ಗಿದರೆ, ಆ ಬದಿಯ ಅರ್ಥ್ ಕೈಕೊಟ್ಟಿದೆ. ಮರಳುವ ದಾರಿ ಮುಚ್ಚಿಹೋದ ವಿದ್ಯುತ್ತು ಎಚ್4 ಬಲ್ಬಿನ (ಲೋ, ಹೈ ಎರಡೂ ತಂತುಗಳು ಒಂದೇ ಗಾಜಿನೊಳಗಿರುವ ಬಲ್ಬ್) ಹೈ ಬೀಮ್ ತಂತುವಿನ ಮೂಲಕ ಹಿಮ್ಮುಖವಾಗಿ ಹೋಗಿ, ಇನ್ನೊಂದು ಬದಿಯ ಬಲ್ಬಿನ ಅರ್ಥ್ ಹುಡುಕಿಕೊಳ್ಳುತ್ತದೆ. ದಾರಿಯಲ್ಲಿ ಸಿಕ್ಕ ಪ್ರತಿಯೊಂದು ತಂತುವೂ ಅದರಿಂದ ಅರ್ಧಂಬರ್ಧ ಉರಿಯುತ್ತದೆ.

ಬ್ಯಾಟರಿ ಮತ್ತು ಚಾರ್ಜಿಂಗ್

ಕಾರನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಎಂಜಿನ್ ಹಚ್ಚುವ ಮೊದಲು ಮೀಟರನ್ನು 20 ವೋಲ್ಟ್ ಡಿಸಿ ಗುರುತಿಗೆ ಇಟ್ಟು ಬ್ಯಾಟರಿಯ ಎರಡು ಕಂಬಗಳ ನಡುವೆ ಅಳೆಯಿರಿ. ಸುಮಾರು 12.6 ವೋಲ್ಟ್ ಇದ್ದರೆ ಬ್ಯಾಟರಿ ಪೂರ್ತಿ ತುಂಬಿದೆ, 12.2ರ ಹತ್ತಿರವಿದ್ದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ನಂತರ ಎಂಜಿನ್ ಹಚ್ಚಿ, ಹೆಡ್‌ಲೈಟ್ ಮತ್ತು ಬ್ಲೋವರ್ ಚಾಲೂ ಮಾಡಿ, ಎಂಜಿನ್ ವೇಗವನ್ನು ನಿಮಿಷಕ್ಕೆ ಸುಮಾರು 1500 ಸುತ್ತಿಗೆ ಏರಿಸಿ ಮತ್ತೆ ನೋಡಿ. ಸಾಮಾನ್ಯ ಕಾರಿನಲ್ಲಿ 13.8ರಿಂದ 14.5 ವೋಲ್ಟ್ ನಡುವೆ ಸ್ಥಿರವಾಗಿರಬೇಕು. ಇಂಧನ ಉಳಿಸಲೆಂದು ಕಂಪ್ಯೂಟರ್ ಮೂಲಕ ಚಾರ್ಜಿಂಗನ್ನು ಏರಿಳಿಸುವ ಹೊಸ ಕಾರುಗಳಲ್ಲಿ ಈ ಅಂಕಿ ನಿಧಾನವಾಗಿ ಬದಲಾಗುವುದು ಸಹಜ. ಆದರೆ ನಿಮ್ಮ ಕಣ್ಣೆದುರಿಗೇ ಅಂಕಿ ಎಗರಾಡುತ್ತಿದ್ದರೆ ಅಥವಾ 15 ವೋಲ್ಟ್ ದಾಟಿದರೆ ಅಲ್ಟರ್ನೇಟರಿನ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ ಎಂದು ತಿಳಿಯಬಹುದು. ಹೆಚ್ಚು ವೋಲ್ಟೇಜ್ ಬಲ್ಬುಗಳನ್ನು ಬೇಗ ಸುಡುತ್ತದೆ, ಬ್ಯಾಟರಿಯನ್ನೂ ಕೆಡಿಸುತ್ತದೆ.

ಅಲ್ಟರ್ನೇಟರಿನ ಒಳಗೆ ಎಸಿಯನ್ನು ಡಿಸಿ ಮಾಡುವ ಡಯೋಡುಗಳಲ್ಲಿ ಒಂದು ಕೆಟ್ಟರೂ ಬೆಳಕು ಸಣ್ಣಗೆ ಅದುರುತ್ತದೆ. ಎಂಜಿನ್ ಓಡುತ್ತಿರುವಾಗ ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಬ್ಯಾಟರಿಯ ಮೇಲೆ ಹಿಡಿದರೆ 0.5 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಅಗ್ಗದ ಕೆಲವು ಮೀಟರುಗಳು ಡಿಸಿಯನ್ನೇ ಎಸಿ ಎಂದು ತಪ್ಪಾಗಿ ಓದಿ 28, 30 ಎಂದು ತೋರಿಸುತ್ತವೆ. ಕಡ್ಡಿಗಳನ್ನು ಅದಲುಬದಲು ಮಾಡಿದಾಗ ಅಂಕಿ ಸೊನ್ನೆಯಾದರೆ ಆ ಮೀಟರ್ ಈ ಪರೀಕ್ಷೆಗೆ ಬರುವುದಿಲ್ಲ.

ಬ್ಯಾಟರಿ ಟರ್ಮಿನಲ್‌ಗಳ ಮೇಲೆ ಬಿಳಿ ಅಥವಾ ನೀಲಿ-ಹಸಿರು ಪುಡಿ ಕಟ್ಟಿದ್ದರೆ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು, ಒಣಗಿಸಿ, ಮೊದಲು ಪಾಸಿಟಿವ್, ಕೊನೆಗೆ ನೆಗೆಟಿವ್ ಬಿಗಿಯಿರಿ. ಕೈಯಿಂದ ತಿರುಚಿದರೆ ಕ್ಲ್ಯಾಂಪ್ ಅಲ್ಲಾಡಬಾರದು. ಮಳೆಯಲ್ಲಿ ಕಿರ್ರೆಂದು ಕೂಗುವ ಬೆಲ್ಟ್ ಜಾರುತ್ತಿದೆ ಎಂದರ್ಥ. ಬಿರುಕು ಬಿಟ್ಟಿದ್ದರೆ ಬದಲಿಸಿ, ಇಲ್ಲವಾದರೆ ಬಿಗಿಮಾಡಿಸಿ.

ಅರ್ಥ್ ಅಳೆಯುವ ವಿಧಾನ

ಈ ಭಾಗವನ್ನು ಸಾವಧಾನವಾಗಿ ಓದಬೇಕೆಂದು ಕೋರುತ್ತೇನೆ. ದೀಪ ಆರಿಸಿ ಮೀಟರನ್ನು ಓಮ್ಸ್‌ಗೆ ಇಟ್ಟು ತಂತಿಯ ಎರಡು ತುದಿಗಳ ನಡುವೆ ಅಳೆದು, ಸೊನ್ನೆ ಬಂತು, ತಂತಿ ಸರಿಯಾಗಿದೆ ಎಂದು ತೀರ್ಮಾನಿಸುವುದು ಹಲವರ ರೂಢಿ. ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿರುವ ತಂತಿಯೂ ಹಾಗೆಯೇ ಸೊನ್ನೆಯ ಹತ್ತಿರ ತೋರಿಸುತ್ತದೆ, ಏಕೆಂದರೆ ಮೀಟರ್ ಕಳುಹಿಸುವ ವಿದ್ಯುತ್ತು ಅತ್ಯಲ್ಪ. ಆದರೆ 55 ವಾಟಿನ ಬಲ್ಬ್ ಹೆಚ್ಚುಕಡಿಮೆ 5 ಆಂಪಿಯರ್ ಎಳೆಯುತ್ತದೆ. ಆ ಹೊರೆಯಲ್ಲಿ 0.3 ಓಮ್‌ನ ಕಿಲುಬು ಕೂಡ ಒಂದು ವೋಲ್ಟಿಗೂ ಹೆಚ್ಚು ನುಂಗಿಹಾಕುತ್ತದೆ, ಅಗ್ಗದ ಮೀಟರಿನ ಸ್ವಂತ ಕಡ್ಡಿಗಳಲ್ಲಿಯೇ ಅಷ್ಟು ಪ್ರತಿರೋಧ ಇರುವುದರಿಂದ ಓಮ್ಸ್ ಪರೀಕ್ಷೆಗೆ ಅದು ಕಾಣುವುದೇ ಇಲ್ಲ. ಹ್ಯಾಲೊಜನ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಸಿಯುತ್ತದೆ, ವೋಲ್ಟೇಜ್ ಶೇ. 10 ಕಡಿಮೆಯಾದರೆ ಬೆಳಕು ಸುಮಾರು ಶೇ. 30 ಕಡಿಮೆಯಾಗುತ್ತದೆ. ಆದ್ದರಿಂದ ದೀಪ ಉರಿಯುತ್ತಿರುವಾಗಲೇ, ಹೊರೆಯಿರುವಾಗಲೇ ಅಳೆಯಬೇಕು.

ಎಂಜಿನ್ ಹಚ್ಚಿ, ಲೋ ಬೀಮ್ ಹಚ್ಚಿ. ಮೀಟರ್ 20 ವೋಲ್ಟ್ ಡಿಸಿಯಲ್ಲಿರಲಿ. ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಸೀಸಕ್ಕೇ ಒತ್ತಿಹಿಡಿಯಿರಿ, ಕ್ಲ್ಯಾಂಪಿಗಲ್ಲ. ಬಲ್ಬಿನ ಕಪ್ಲರನ್ನು ಕೀಳದೆ ಅದರ ಹಿಂಬದಿಯಿಂದ ಅರ್ಥ್ ತಂತಿಯ ಪಕ್ಕದಲ್ಲಿ ಟಾಚಣಿ ತೂರಿಸಿ, ಅದಕ್ಕೆ ಕೆಂಪು ಕಡ್ಡಿ ತಾಕಿಸಿ. ಟಾಚಣಿ ಪಕ್ಕದ ತಂತಿಗೆ ತಾಗದಂತೆ ನೋಡಿಕೊಳ್ಳಿ. ಅಂಕಿ 0.1ರಿಂದ 0.2 ವೋಲ್ಟಿನ ಒಳಗಿದ್ದರೆ ಅರ್ಥ್ ಸರಿಯಾಗಿದೆ. ಅದಕ್ಕಿಂತ ಹೆಚ್ಚಿದ್ದರೆ ಕಪ್ಪು ಕಡ್ಡಿಯನ್ನು ಅಲ್ಲಿಯೇ ಬಿಟ್ಟು, ಕೆಂಪು ಕಡ್ಡಿಯನ್ನು ದಾರಿಯುದ್ದಕ್ಕೂ ಸರಿಸುತ್ತಾ ಹೋಗಿ: ತಂತಿಯ ತುದಿಯ ಲೋಹದ ಉಂಗುರ (ಲಗ್), ಅದನ್ನು ಹಿಡಿದಿರುವ ಬೋಲ್ಟ್, ಬೋಲ್ಟಿನ ಪಕ್ಕದ ಬಾಡಿಯ ತಗಡು, ಬ್ಯಾಟರಿಯಿಂದ ಬಾಡಿಗೆ ಬರುವ ದಪ್ಪ ಪಟ್ಟಿ. ಯಾವ ಎರಡು ಜಾಗಗಳ ನಡುವೆ ಅಂಕಿ ಥಟ್ಟನೆ ಇಳಿಯುತ್ತದೋ ದೋಷ ಅಲ್ಲಿದೆ. ನನ್ನ ಕಾರಿನಲ್ಲಿ ಲಗ್ ಮೇಲೆ 1.5 ಇದ್ದದ್ದು, ಒಂದು ಬೆರಳಿನಷ್ಟು ಆಚೆಗೆ ಬಣ್ಣ ಕೆರೆದ ತಗಡಿನ ಮೇಲೆ ಸೊನ್ನೆಯ ಹತ್ತಿರಕ್ಕೆ ಬಂದಿತ್ತು.

ಕೆಲವು ಕಾರುಗಳಲ್ಲಿ ಬಲ್ಬಿನ ಸಾಮಾನ್ಯ ಪಿನ್ನಿಗೆ ಸದಾ ಪಾಸಿಟಿವ್ ಬಂದು, ಸ್ವಿಚ್ ಅರ್ಥ್ ಬದಿಯಲ್ಲಿರುತ್ತದೆ ಎಂಬುದು ಗಮನದಲ್ಲಿರಲಿ. ನೀವು ಅರ್ಥ್ ಎಂದು ತಿಳಿದ ಪಿನ್ನಿನಲ್ಲಿ 12 ವೋಲ್ಟಿಗಿಂತ ಹೆಚ್ಚು ಕಂಡರೆ ಗಾಬರಿಯಾಗದೆ, ಲೋ ಬೀಮ್ ಪಿನ್ನಿನಿಂದ ನೆಗೆಟಿವ್ ಕಂಬದವರೆಗೆ ಇದೇ ರೀತಿ ಅಳೆಯಿರಿ. ಅಂಥ ಕಾರಿನಲ್ಲಿ ಮರಳುವ ದಾರಿ ಸ್ವಿಚ್ ಮೂಲಕ ಸಾಗುವುದರಿಂದ ಅರ್ಧ ವೋಲ್ಟಿನವರೆಗೆ ಬಿಟ್ಟುಕೊಡಬಹುದು.

ದೋಷದ ಬೋಲ್ಟ್ ಸಿಕ್ಕಿದ ಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಬೋಲ್ಟನ್ನು ತೆಗೆಯಿರಿ. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿದ್ದ ಲಗ್ಗಿನ ಅಡಿಯಲ್ಲಿ ಹಸಿರು ಕಿಲುಬಿನ ತೆಳುವಾದ ಬಿಲ್ಲೆ, ಅದರ ಕೆಳಗೆ ತಗಡಿನ ಮೇಲೆ ಕಂದು ತುಕ್ಕಿನ ಉಂಗುರ ಇರುತ್ತದೆ. ಲಗ್ಗಿನ ಎರಡೂ ಮುಖ, ತಗಡು, ಬೋಲ್ಟಿನ ತಲೆಯ ಅಡಿಭಾಗ ಈ ಮೂರನ್ನೂ ಲೋಹ ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ. ನಂತರ ಲಗ್ಗಿಗೆ ಸೇರುವ ತಂತಿಯ ಹೊದಿಕೆಯನ್ನು ಒಂದು ಸೆಂಟಿಮೀಟರಿನಷ್ಟು ಸುಲಿದು ನೋಡಿ. ತಾಮ್ರ ಕೆಂಪಗೆ ಹೊಳೆಯುತ್ತಿದ್ದರೆ ಒಳ್ಳೆಯದು. ಕಪ್ಪಾಗಿ, ಬೆರಳಿಗೆ ಪುಡಿ ಹತ್ತುತ್ತಿದ್ದರೆ ಉಪ್ಪುನೀರು ತಂತಿಯೊಳಗೆ ಏರಿದೆ, ಕೆಂಪು ತಾಮ್ರ ಸಿಗುವವರೆಗೆ ಕತ್ತರಿಸಿ ಅಷ್ಟೇ ದಪ್ಪದ ಹೊಸ ತಂತಿ ಜೋಡಿಸಿ ಹೊಸ ಲಗ್ ಹಾಕಬೇಕು. ಹಲ್ಲಿರುವ ವಾಷರ್ ಸೇರಿಸಿ ಬಿಗಿಯಾಗಿ ಕೂಡಿಸಿದ ಮೇಲೆ, ಹೊರಗಡೆಯಿಂದ ವ್ಯಾಸಲೀನ್ ಬಳಿಯಿರಿ. ಬಿಗಿಯುವ ಮೊದಲೇ ಕೂಡುವ ಮುಖಗಳ ನಡುವೆ ದಪ್ಪನಾಗಿ ಮೆತ್ತಬೇಡಿ. ಅಲ್ಲಿ ಲೋಹಕ್ಕೆ ಲೋಹ ತಾಗಬೇಕು.

ಬಲ್ಬಿಗೆ ಬರುವ ದಾರಿ

ಅರ್ಥ್ ಸರಿಯಿದ್ದೂ ಮಿಣುಕುತ್ತಿದ್ದರೆ ಪಾಸಿಟಿವ್ ಬದಿಯನ್ನು ಇದೇ ರೀತಿಯಲ್ಲಿ ಅಳೆಯಿರಿ: ಕೆಂಪು ಕಡ್ಡಿ ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ, ಕಪ್ಪು ಕಡ್ಡಿ ಬಲ್ಬಿನ ಲೋ ಬೀಮ್ ಪಿನ್ನಿಗೆ. ಇಲ್ಲಿ ಫ್ಯೂಸ್, ರಿಲೇ, ಸ್ವಿಚ್ ಎಲ್ಲ ದಾಟಿ ಬರುವುದರಿಂದ ಅರ್ಧ ವೋಲ್ಟಿನವರೆಗೆ ಒಪ್ಪಬಹುದು. ಹೆಚ್ಚಿದ್ದರೆ ಮತ್ತೆ ಒಂದೊಂದೇ ಜೋಡಣೆಯನ್ನು ದಾಟುತ್ತಾ ಬನ್ನಿ. ಮೊದಲು ನೋಡಬೇಕಾದದ್ದು ಬಲ್ಬಿನ ಹೋಲ್ಡರ್. ಬಿಸಿಗೆ ಕಂದಾದ ಪ್ಲಾಸ್ಟಿಕ್, ನೀಲಿಗಟ್ಟಿದ ಪಿನ್, ಎಳೆದರೆ ಸಲೀಸಾಗಿ ಕಳಚಿಬರುವ ಕಪ್ಲರ್ ಕಂಡರೆ ಉಜ್ಜಿ ಪ್ರಯೋಜನವಿಲ್ಲ. ಬಿಸಿ ತಿಂದ ಪಿನ್ನಿನ ಹಿಡಿತ ಮರಳಿ ಬರುವುದಿಲ್ಲ. ಸಿರಾಮಿಕ್ ಹೋಲ್ಡರ್ ಹಾಕಿಸಿ, ಜೋಡಣೆಗಳನ್ನು ಕ್ರಿಂಪ್ ಮಾಡಿಸಿ, ಮೇಲೆ ಹೀಟ್‌ಶ್ರಿಂಕ್ ಕೊಳವೆ ಹಾಕಿಸಿ. ಬರೀ ತಿರುಚಿ ಟೇಪ್ ಸುತ್ತಿದ ಜೋಡಣೆ ಗೋವಾದಲ್ಲಿ ಒಂದು ಮಳೆಗಾಲವನ್ನೂ ದಾಟುವುದಿಲ್ಲ.

ಹೋಲ್ಡರ್ ಸುಟ್ಟ ಅನೇಕ ಕಾರುಗಳಲ್ಲಿ 60/55 ವಾಟಿನ (ಹೈ ಬೀಮ್ 60, ಲೋ ಬೀಮ್ 55) ಜಾಗಕ್ಕೆ 100/90 ವಾಟಿನ ಬಲ್ಬ್ ಕೂತಿರುತ್ತದೆ. ಹೈ ಬೀಮ್‌ನಲ್ಲಿ ಅಂಥ ಎರಡು ಬಲ್ಬುಗಳು ಸೇರಿ 16 ಆಂಪಿಯರ್ ದಾಟುತ್ತವೆ. ಕಂಪನಿಯ ತೆಳುವಾದ ತಂತಿ ಮತ್ತು ಹೋಲ್ಡರ್ ಅದನ್ನು ತಡೆಯುವುದಿಲ್ಲ. ಮೊದಲಿನ ವಾಟಿಗೆ ಮರಳಿ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದೊಡ್ಡ ಫ್ಯೂಸ್ ಹಾಕುವುದು ತಂತಿಗೆ ಬೆಂಕಿ ಹಚ್ಚಿದಂತೆ. ಹೊಸ ಬಲ್ಬ್ ಹಾಕುವಾಗ ಗಾಜನ್ನು ಬರಿಗೈಯಿಂದ ಮುಟ್ಟಬೇಡಿ, ಬೆರಳಿನ ಜಿಡ್ಡು ಇರುವಲ್ಲಿ ಗಾಜು ಅತಿಯಾಗಿ ಕಾದು ಬಲ್ಬ್ ಬೇಗ ಹೋಗುತ್ತದೆ. ಮುಟ್ಟಿದ್ದರೆ ಸ್ಪಿರಿಟಿನಿಂದ ಒರೆಸಿ.

ರಿಲೇಯನ್ನು ಪರೀಕ್ಷಿಸಲು ಅದೇ ಬಾಕ್ಸಿನಲ್ಲಿ ಅದೇ ನಂಬರಿನ ಇನ್ನೊಂದು ರಿಲೇ, ಉದಾಹರಣೆಗೆ ಹಾರ್ನಿನದು, ಇದ್ದರೆ ಅದಲುಬದಲು ಮಾಡಿ ನೋಡಿದರಾಯಿತು. ಸ್ವಿಚ್ ಮೇಲೆ ಅನುಮಾನವಿದ್ದರೆ ದೀಪ ಹಚ್ಚಿಟ್ಟು ಹಿಡಿಕೆಯನ್ನು ಮೆಲ್ಲಗೆ ಅಲ್ಲಾಡಿಸಿ, ಗೋಡೆಯ ಮೇಲಿನ ಬೆಳಕು ನೋಡಿ. ಹಿಡಿಕೆಯೊಂದಿಗೆ ಬೆಳಕೂ ಅದುರಿದರೆ ಸ್ವಿಚ್ ಬದಲಿಸಬೇಕು, ಸ್ಟಿಯರಿಂಗಿನಲ್ಲಿ ಏರ್‌ಬ್ಯಾಗ್ ಇರುವುದರಿಂದ ಈ ಕೆಲಸವನ್ನು ಬಲ್ಲವರಿಗೇ ಒಪ್ಪಿಸಿ. ಹಾಗೆಯೇ ಬಾನೆಟ್ ಅಡಿಯ ವೈರಿಂಗ್ ಕಟ್ಟನ್ನು ಕೈಯಿಂದ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸುತ್ತಾ ಹೋಗಿ. ಮಳೆಗಾಲದಲ್ಲಿ ಇಲಿಗಳು ಎಂಜಿನ್ನಿನ ಬೆಚ್ಚಗಿನ ಮೂಲೆಯಲ್ಲಿ ಎಲೆ, ನಾರು ಕೂಡಿಹಾಕಿ ತಂತಿ ಕಡಿಯುವುದುಂಟು.

ಎಲ್‌ಇಡಿ ಮತ್ತು ಎಚ್‌ಐಡಿ

ಹ್ಯಾಲೊಜನ್ ಜಾಗಕ್ಕೆ ಎಲ್‌ಇಡಿ ಬಲ್ಬ್ ಹಾಕಿಸಿದ ದಿನದಿಂದಲೇ ಮಿಣುಕಲು ಆರಂಭಿಸಿದ್ದರೆ ಕಾರಿನ ವೈರಿಂಗ್ ನಿರ್ದೋಷಿ. ಅನೇಕ ಕಾರುಗಳ ಕಂಪ್ಯೂಟರ್ ಬಲ್ಬ್ ಜೀವಂತವಾಗಿದೆಯೇ ಎಂದು ನೋಡಲು ಸಣ್ಣ ಸಣ್ಣ ವಿದ್ಯುತ್ ಮಿಡಿತಗಳನ್ನು ಕಳುಹಿಸುತ್ತದೆ, ಅಥವಾ ವಿದ್ಯುತ್ತನ್ನು ವೇಗವಾಗಿ ಆರಿಸಿ ಹಚ್ಚಿ ಬೆಳಕು ನಿಯಂತ್ರಿಸುತ್ತದೆ. ಹ್ಯಾಲೊಜನ್ ತಂತು ಕಾದಿರುವುದರಿಂದ ಅದು ತಿಳಿಯುವುದಿಲ್ಲ, ಎಲ್‌ಇಡಿ ಪ್ರತಿಯೊಂದು ಮಿಡಿತಕ್ಕೂ ಸ್ಪಂದಿಸುತ್ತದೆ. ಈ ಮಿಡಿತಗಳನ್ನು ಸಮಗೊಳಿಸುವ ಡಿಕೋಡರ್ ಹಾಕಿದರೆ ಸರಿಹೋಗಬಹುದು. ಹ್ಯಾಲೊಜನ್ ಬಲ್ಬಿನ ಹೊರೆಯನ್ನು ಅನುಕರಿಸುವ ಲೋಡ್ ರೆಸಿಸ್ಟರ್ ಹಾಕುವುದಾದರೆ ಲೋಹದ ಮೇಲೆಯೇ ಬಿಗಿಯಬೇಕು: 6 ಓಮ್‌ನ ರೆಸಿಸ್ಟರ್ 14 ವೋಲ್ಟಿನಲ್ಲಿ 30 ವಾಟಿಗೂ ಹೆಚ್ಚು ಶಾಖ ಉಗುಳಿ ಪ್ಲಾಸ್ಟಿಕನ್ನು ಕರಗಿಸುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಹ್ಯಾಲೊಜನ್‌ಗೆಂದೇ ರೂಪಿಸಿದ ಪ್ರತಿಫಲಕದಲ್ಲಿ ಎಲ್‌ಇಡಿ ಬಲ್ಬಿನ ಬೆಳಕು ಚದುರಿ ಎದುರಿನವರ ಕಣ್ಣು ಕುಕ್ಕುತ್ತದೆ. ಘಟ್ಟದ ರಸ್ತೆಗೆ ಒಳ್ಳೆಯ ಹ್ಯಾಲೊಜನ್ ಬಲ್ಬ್ ಮತ್ತು ಶುದ್ಧವಾದ ಅರ್ಥ್ ಸಾಕು. ಮೊಬೈಲ್ ವಿಡಿಯೊದಲ್ಲಿ ಮಾತ್ರ ಕಾಣುವ ಎಲ್‌ಇಡಿ ಮಿಣುಕು ದೋಷವಲ್ಲ, ಅದು ಕ್ಯಾಮೆರಾದ ವೇಗ ಮತ್ತು ದೀಪದ ಮಿಡಿತ ಹೊಂದಿಕೆಯಾಗದ ಪರಿಣಾಮ.

ಎಚ್‌ಐಡಿ (ತಂತುವಿಲ್ಲದೆ, ಅನಿಲದಲ್ಲಿ ವಿದ್ಯುತ್ ಹರಿದು ಬೆಳಗುವ) ದೀಪವಿದ್ದರೆ ಎಡ-ಬಲ ಬಲ್ಬುಗಳನ್ನು ಅದಲುಬದಲು ಮಾಡಿದಾಗ ಮಿಣುಕು ಬಲ್ಬಿನ ಜೊತೆಗೆ ಹೋದರೆ ಬಲ್ಬ್, ಅಲ್ಲಿಯೇ ಉಳಿದರೆ ಬ್ಯಾಲಸ್ಟ್ (ಬಲ್ಬಿಗೆ ಹೆಚ್ಚಿನ ವೋಲ್ಟೇಜ್ ಒದಗಿಸುವ ಪೆಟ್ಟಿಗೆ) ಅಥವಾ ವೈರಿಂಗ್ ಕಾರಣ. ದೀಪ ಹೊತ್ತಿಸುವ ಕ್ಷಣದಲ್ಲಿ ಅಲ್ಲಿ 20,000 ವೋಲ್ಟಿನಷ್ಟು ಉತ್ಪತ್ತಿಯಾಗುವುದರಿಂದ ದೀಪ ಆರಿಸದೆ, ಬ್ಯಾಟರಿ ಬಿಚ್ಚದೆ ಅದನ್ನು ಮುಟ್ಟಲೇಬಾರದು.

ದಾರಿಯ ನಡುವೆ ಮಿಣುಕಿದರೆ

ಘಟ್ಟದಲ್ಲಿಯೇ ಕೈಕೊಟ್ಟರೆ ಏಸಿ, ಬ್ಲೋವರ್, ಹಿಂಗಾಜಿನ ಹೀಟರ್ ಆರಿಸಿ. ಲೋ ಬೀಮ್ ಪೂರ್ತಿ ಆರಿದರೆ ಹೈ ಬೀಮ್ ಹಚ್ಚಿ ನೋಡಿ. ಅನೇಕ ಕಾರುಗಳಲ್ಲಿ ಅದರ ಫ್ಯೂಸ್ ಬೇರೆ. ರಸ್ತೆ ಅಗಲವಿರುವ ಜಾಗ ಸಿಕ್ಕ ಕೂಡಲೇ ಬದಿಗೆ ನಿಲ್ಲಿಸಿ, ಹಜಾರ್ಡ್ ದೀಪ ಹಚ್ಚಿ, ಕಪ್ಲರನ್ನು ಒಮ್ಮೆ ಒತ್ತಿ ಕೂಡಿಸಿ. ಬರೀ ಪಾರ್ಕಿಂಗ್ ದೀಪದಲ್ಲಿ ಘಟ್ಟ ಇಳಿಯುವ ಸಾಹಸ ಬೇಡ.

ರಿಪೇರಿ ಮುಗಿದ ಮೇಲೆ ಎರಡೂ ಬದಿಯ ಅರ್ಥ್ ಮತ್ತು ಪಾಸಿಟಿವ್ ಅಂಕಿಗಳನ್ನು ಮತ್ತೆ ಅಳೆದು ದಿನಾಂಕದೊಂದಿಗೆ ಬರೆದಿಡಿ. ಹದಿನೈದು ದಿನ ಓಡಿಸಿ ಇನ್ನೊಮ್ಮೆ ಅಳೆಯಿರಿ. 0.06 ಇದ್ದದ್ದು 0.3 ಆಗಿದ್ದರೆ ತಂತಿಯೊಳಗೆ ಇನ್ನೂ ಕಪ್ಪು ತಾಮ್ರ ಉಳಿದಿದೆ. ನಾನೀಗ ಪ್ರತಿ ಮೇ ತಿಂಗಳ ಕೊನೆಯ ವಾರದಲ್ಲಿ, ಮಳೆ ಹಿಡಿಯುವ ಮೊದಲು, ಮುಂಭಾಗದ ಎರಡೂ ಅರ್ಥ್ ಬೋಲ್ಟುಗಳನ್ನು ಬಿಚ್ಚಿ ಉಜ್ಜಿ ಕೂಡಿಸುತ್ತೇನೆ. ಅದಕ್ಕೆ ಹಿಡಿಯುವುದು ಇಪ್ಪತ್ತು ನಿಮಿಷ ಮತ್ತು ಒಂದು ತುಂಡು ಉಪ್ಪುಕಾಗದ.